ಬೆರೆಸಿಟ್ಟ ಪರೀಕ್ಷೆಗಳು

ಆ ಮಾತುಕತೆ ನಡೆದದ್ದು ಸೊರಬದ ಚಿಕ್ಕಮ್ಮನ ಮನೆಯ ಜಗುಲಿಯಲ್ಲೋ ಅಡುಗೆಮನೆಯಲ್ಲೋ, ಈಗ ಖಚಿತವಿಲ್ಲ. ಆಕೆಯ ಮಾತುಗಳಲ್ಲೂ ಒಂದೆರಡನ್ನು ನಾನೇ ತಿದ್ದಿಕೊಂಡಿರಬಹುದು. ಅದರ ಹಿಂದಿನ ವಾರ ನಡೆದದ್ದಕ್ಕೆ ಮಾತ್ರ ನನ್ನ ನೋಟ್‌ಬುಕ್ಕಿನ ಸಾಕ್ಷಿಯಿದೆ.

ಕ್ವಾಂಟಮ್ ಕಂಪ್ಯೂಟರ್ ಕೊಟ್ಟ ಉತ್ತರವನ್ನು ನಂಬಬಹುದೇ ಎಂದು ಪರೀಕ್ಷಿಸುವುದು ನನ್ನ ಕೆಲಸ. ಈ ಯಂತ್ರಗಳು ಸುತ್ತಲಿನ ಸಣ್ಣ ಅಡಚಣೆಗೂ ಲೆಕ್ಕ ತಪ್ಪುತ್ತವೆ. ಮಾಮೂಲಿ ಕಂಪ್ಯೂಟರಿನಲ್ಲಿ ತಾಳೆ ನೋಡೋಣವೆಂದರೆ ಅದಕ್ಕೆ ಆ ಲೆಕ್ಕ ಮಾಡಲು ಆಗುವುದೇ ಇಲ್ಲ. ಹಾಗಾಗಿ ನಿಜವಾದ ಲೆಕ್ಕಗಳ ನಡುವೆ, ನೋಡಲು ಅವುಗಳಂತೆಯೇ ಇರುವ, ಉತ್ತರ ನಮಗೆ ಮೊದಲೇ ಗೊತ್ತಿರುವ ಲೆಕ್ಕಗಳನ್ನು ಬೆರೆಸುತ್ತೇವೆ. ಅವು ಮಿತಿ ಮೀರಿ ತಪ್ಪಾದರೆ ಆ ಸುತ್ತಿನ ಉತ್ತರವನ್ನೇ ಕೈಬಿಡಬೇಕು. ಮಿತಿಯನ್ನು ಗೊತ್ತುಮಾಡಿದ್ದು ನಾನೇ.

ಆ ವಾರ ಎಲ್ಲರೂ ಕಾದಿದ್ದಂಥ ಉತ್ತರವೇ ಬಂತು. ಪರೀಕ್ಷೆಯ ಲೆಕ್ಕಗಳು ಮಾತ್ರ ಮಿತಿಗಿಂತ ತುಸು ಹೆಚ್ಚು ತಪ್ಪಿದ್ದವು. "ಕೂದಲೆಳೆಯಷ್ಟು ಅಲ್ವೇನಮ್ಮ? ಮಿತೀನೇ ಸ್ವಲ್ಪ ಸಡಿಲ ಮಾಡು," ಎಂದರು ತಂಡದ ಹಿರಿಯರು. ಸೋಮವಾರ ಹೇಳುತ್ತೇನೆಂದು ಶಿಕಾರಿಪುರದ ಮನೆಗೆ ಬಂದವಳು ಮರುದಿನ ಸೊರಬದ ಬಸ್ಸು ಹತ್ತಿದೆ.

ಚಿಕ್ಕಮ್ಮ ಬಹಳ ವರ್ಷ ಅಡಿಕೆ ಮಂಡಿಯೊಂದರಲ್ಲಿ ಅಡಿಕೆ ಆರಿಸುವ ಹೆಂಗಸರ ಮೇಲ್ವಿಚಾರಣೆ ನೋಡಿಕೊಂಡವಳು. ನನ್ನ ಕಥೆ ಕೇಳಿ ನಕ್ಕಳು.

"ಎಂಥದೇ ಮಾರಾಯ್ತಿ, ಇದ್ಕೆ ಅಷ್ಟು ಓದ್ಬೇಕಿತ್ತಾ? ನಾನೂ ಅದನ್ನೇ ಮಾಡ್ತಿದ್ದೆ. ಕಳಪೆ ಅಡಿಕೆಗೆ ಸೂಜಿ ಮೊನೇಲಿ ಸಣ್ಣ ಗೀರು ಹಾಕಿ, ಒಬ್ಬೊಬ್ರ ಮೊರಕ್ಕೂ ಹತ್ತತ್ತು ಸೇರಿಸ್ತಿದ್ದೆ. ಒಳ್ಳೇದ್ರ ಜೊತೆ ಎರಡು ಹೋದ್ರೆ ಸುಮ್ನಿರ್ತಿದ್ದೆ. ಮೂರಾದ್ರೆ ಇಡೀ ಮೊರ ಮತ್ತೆ ಆರಿಸ್ಬೇಕು."

"ಅವರಿಗೆ ಗೊತ್ತಾಗ್ತಿರ್ಲಿಲ್ವಾ?"

"ಒಬ್ಳಿಗೆ ಗೊತ್ತಾಯ್ತು. ಗೀರು ಹುಡುಕಿ ಆ ಹತ್ತನ್ನೂ ಸರಿಯಾಗಿ ತೆಗ್ದಿಟ್ಲು, ಮಿಕ್ಕಿದ್ದೆಲ್ಲ ಕಣ್ಣು ಮುಚ್ಚಿ ಸುರಿದ್ಲು! ಆಮೇಲೆ ದಿನಾ ಗುರ್ತು ಬದ್ಲಾಯಿಸ್ದೆ."

"ಮೂರು ತಪ್ಪಿದ ದಿನ ಅವ್ರು, ‘ಹೋಗ್ಲಿ ಬಿಡಿ ಅಕ್ಕ’ ಅಂದ್ರೆ?"

"ಇವತ್ತು ಮೂರಕ್ಕೆ ಬಿಟ್ರೆ ನಾಳೆ ನಾಕಕ್ಕೆ ಕೇಳ್ತಾರೆ."

ಸೋಮವಾರ ಆ ಉತ್ತರವನ್ನು ಕೈಬಿಡಿಸಿದೆ. ಸ್ವಲ್ಪ ದಿನ ತಂಡದಲ್ಲಿ ನನ್ನೊಡನೆ ಮಾತು ಕಡಿಮೆಯಾಯಿತು. ಯಂತ್ರವನ್ನು ಸರಿಪಡಿಸಿ ಮತ್ತೆ ಓಡಿಸಿದಾಗ ಪರೀಕ್ಷೆಗಳು ಮಿತಿಯೊಳಗೆ ನಿಂತವು. ಉತ್ತರ ಬೇರೆಯೇ ಬಂತು. ಎಲ್ಲರೂ ಕಾದಿದ್ದದ್ದು ತಪ್ಪು ಉತ್ತರವಾಗಿತ್ತು. ಕೈಬಿಟ್ಟ ಸುತ್ತಿನ ಬಗ್ಗೆ ತಂಡದ ಸಂಶೋಧನಾ ಪ್ರಬಂಧದಲ್ಲಿ ಒಂದು ಪೂರ್ತಿ ಪುಟ ಬರೆಯಲು ಹಿರಿಯರು ನನಗೇ ಹೇಳಿದರು. ಆ ಪುಟದ ಬಗ್ಗೆ ಇರುವಷ್ಟು ಹೆಮ್ಮೆ ನನಗೆ ನನ್ನ ಪದವಿಯ ಬಗ್ಗೆಯೂ ಇಲ್ಲ.

ಆ ಪುಟವನ್ನು ತೋರಿಸಲೆಂದೇ ಮತ್ತೆ ಸೊರಬಕ್ಕೆ ಹೋದೆ. ಶಾಲೆಯ ರಜೆಗಳಲ್ಲಿ ನಾನೂ ಆ ಹೆಂಗಸರ ನಡುವೆ ಕೂತು ಅಡಿಕೆ ಆರಿಸಿದ್ದುಂಟು. ನನ್ನ ಮೊರ ಮತ್ತೆ ಆರಿಸಲು ಒಮ್ಮೆಯೂ ವಾಪಸ್ ಬರಲಿಲ್ಲ ಎಂದೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ.

"ಚಿಕ್ಕಮ್ಮಾ, ನನ್ನ ಮೊರಕ್ಕೂ ಗೀರು ಹಾಕಿದ್ದು ಸೇರಿಸ್ತಿದ್ಯಾ?" ಎಂದು ಕೇಳಿದೆ.

ಇಂಗ್ಲಿಷ್ ಬಾರದ ಚಿಕ್ಕಮ್ಮ ಕನ್ನಡಕ ಹಾಕಿಕೊಂಡು ಆ ಪುಟವನ್ನೇ ನೋಡುತ್ತ ಕೂತಳು. ನನ್ನ ಮೊರವನ್ನೂ ಪರೀಕ್ಷಿಸಿದ್ದಳೋ ಇಲ್ಲವೋ, ಇವತ್ತಿನವರೆಗೂ ಹೇಳಿಲ್ಲ.