ಮುಚ್ಚಿದರೂ ಮಲಗದ ಲ್ಯಾಪ್‌ಟಾಪ್

ಮುಚ್ಚಳ ಹಾಕಿದ ಕೂಡಲೇ ಲ್ಯಾಪ್‌ಟಾಪ್ ಮಲಗಬೇಕು. ಆ ವರ್ಷ ದಸರಾ ಆದಾಗಿನಿಂದ ನನ್ನದು ಮಲಗುತ್ತಿರಲಿಲ್ಲ. ಸಿಂದಗಿ ಬಸ್‌ಸ್ಟ್ಯಾಂಡಿನಲ್ಲಿ ಮುಚ್ಚಿ ಚೀಲಕ್ಕೆ ಹಾಕಿಕೊಂಡರೆ ತಾಳಿಕೋಟೆ ಬರುವವರೆಗೂ ತೊಡೆಯ ಮೇಲೆ ಅದರ ಫ್ಯಾನು ಗುಂಯ್ ಅನ್ನುತ್ತಲೇ ಇರುತ್ತಿತ್ತು. ಚೀಲವೆಲ್ಲ ಬಿಸಿ, ಒಲೆಯಿಂದ ಇಳಿಸಿದ ಹಂಚನ್ನು ಮಡಿಲಲ್ಲಿ ಇಟ್ಟುಕೊಂಡ ಹಾಗೆ. ಮುದ್ದೇಬಿಹಾಳದ ಶಾಲೆಯಲ್ಲಿ ತೆರೆಯುವ ಹೊತ್ತಿಗೆ ಬ್ಯಾಟರಿ ಖಾಲಿ. ಅಲ್ಲಿ ಕರೆಂಟಂತೂ ನಾನು ಹೋದಾಗ ಇದ್ದದ್ದೇ ಅಪರೂಪ.

ಶಾಲಾ ಶಿಕ್ಷಕರಿಗೆ ಕಂಪ್ಯೂಟರ್ ಕಲಿಸುವುದು ಆಗ ನನ್ನ ಕೆಲಸ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಇಷ್ಟೂ ಊರಿಗೆ ನಾನೊಬ್ಬಳೇ. ವಾರವಿಡೀ ಬಸ್ಸು. ಮೆನುವಿನಿಂದ ಮಲಗಿಸಿದರೆ ಮಷೀನು ಮಲಗುತ್ತಿತ್ತು, ಆದರೆ ಬಸ್ಸು ಒಂದು ತಗ್ಗಿಗೆ ಬಿದ್ದರೆ ಸಾಕು, ಎದ್ದು ಕೂಡುತ್ತಿತ್ತು. ಪೂರ್ತಿ ಬಂದ್ ಮಾಡಿದರೆ ಮತ್ತೆ ಚಾಲೂ ಆಗುವಷ್ಟರಲ್ಲಿ ಮಾಸ್ತರರು ಚಹಾ ಕುಡಿದು ಬಂದಿರುತ್ತಿದ್ದರು.

"ಅಕ್ಕೋರ, ನಿಮ್ಮ ಮಷೀನಿಂದು ಇವತ್ತೂ ಉಪಾಸ ಏನ್ರಿ?" ಎಂದು ಅವರು ನಗುತ್ತಿದ್ದರು. ನನಗೋ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಹೌದ್ರಿ, ನಿಮ್ಮ ಪುಣ್ಯಾ ನೋಡ್ರಿ, ಇವತ್ತೂ ಪಾಠ ಇಲ್ಲ" ಎನ್ನುತ್ತಿದ್ದೆ. ಸೆಟ್ಟಿಂಗುಗಳನ್ನೆಲ್ಲ ತಿರುವಿ ಹಾಕಿದೆ. ವಿಜಯಪುರದ ಅಂಗಡಿಯವನ ಕಡೆಯಿಂದ ಎಲ್ಲ ಅಳಿಸಿ ಹೊಸದಾಗಿ ಹಾಕಿಸಿದೆ. ಏನೂ ಆಗಲಿಲ್ಲ.

ಆದರೆ ಆ ದಿನಗಳಲ್ಲಿ ನನ್ನ ಜೀವ ತಿನ್ನುತ್ತಿದ್ದದ್ದು ಮಷೀನಲ್ಲ. ಸಿಂದಗಿಯಲ್ಲಿ ನಾನಿದ್ದ ಮನೆಯ ಮಾಲಕಿ ಖೋಲಿ ಬಿಡಲು ಹೇಳಿದ್ದರು. ಅವರ ಮನೆಯ ಹಿಂದಿನ ಖೋಲಿ ನನ್ನದು. ಗಂಡ ಇಲ್ಲ, ಮಕ್ಕಳಾಗಿಲ್ಲ, ಖಡಕ್ ರೊಟ್ಟಿ ಬಡಿದು ಮಾರುತ್ತಿದ್ದರು. ನಾನು ಅವ್ವಾರ ಎನ್ನುತ್ತಿದ್ದೆ, ಅವರು ತಂಗಿ ಎನ್ನುತ್ತಿದ್ದರು. ಸಂಜೆ ಬಸ್ಸಿಳಿದು ಬಂದರೆ "ಉಂಡ್ಯೇನ?" ಎಂದು ಕೇಳುವ ಜೀವ ಅದೊಂದೇ. ನನ್ನ ತಂದೆ ತಾಯಿ ತೀರಿಹೋಗಿದ್ದರು. ಸೊಲ್ಲಾಪುರದಲ್ಲಿ ಒಬ್ಬ ಅಣ್ಣ ಇದ್ದ, ಹಬ್ಬಕ್ಕೊಮ್ಮೆ ಫೋನು ಮಾಡುತ್ತಿದ್ದ. ಮದುವೆ ನಾನು ಮಾಡಿಕೊಂಡಿರಲಿಲ್ಲ. ಆ ಖೋಲಿ ಬಿಟ್ಟರೆ ಬೇರೆ ಖೋಲಿ ಸಿಗುತ್ತಿತ್ತು, ಅವ್ವಾರು ಸಿಗುತ್ತಿರಲಿಲ್ಲ.

ನಮ್ಮಿಬ್ಬರ ಜಗಳ ಆದದ್ದು ಖಂಡೇಪೂಜೆಯ ದಿನ. ನಮ್ಮ ಕಡೆ ಅವತ್ತು ದುಡಿಯುವ ಸಾಮಾನಿಗೆಲ್ಲ ಪೂಜೆ. ಅವ್ವಾರು ಕುಡಗೋಲು, ಈಳಿಗೆ, ರೊಟ್ಟಿಯ ಹಂಚು ಎಲ್ಲ ತೊಳೆದು ಸಾಲಾಗಿ ಇಟ್ಟಿದ್ದರು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಆ ಸಾಲಿಗೆ ನನ್ನ ಲ್ಯಾಪ್‌ಟಾಪೂ ಬಂದು ಕೂತಿತ್ತು. ಮೈತುಂಬ ವಿಭೂತಿ, ನಡುವೆ ಕುಂಕುಮ, ಮೇಲಿಂದ ತೀರ್ಥ ಬೇರೆ. ನಾನು ಕೂಗಾಡಿದೆ. ನನ್ನ ಸಾಮಾನು ಮುಟ್ಟಲು ನಿಮಗ ಯಾರು ಹೇಳಿದ್ರು ಎಂದೆ. ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದರು. ಅವ್ವಾರು ಅದನ್ನು ತಮ್ಮ ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟರು.

ಮರುದಿನ ದಸರಾ. ಸಂಜೆ ಎಲ್ಲರೂ ಬನ್ನಿ ಎಲೆ ಹಿಡಿದು ಮನೆ ಮನೆಗೆ ಹೋಗಿ, "ಬಂಗಾರದ್ಹಂಗ ಇರೂಣ್ರಿ" ಎಂದು ಒಬ್ಬರ ಕೈಗೊಬ್ಬರು ಕೊಡುತ್ತಾರೆ. ವರ್ಷಗಟ್ಟಲೆ ಮಾತು ಬಿಟ್ಟವರು ಕೂಡ ಅವತ್ತು ಬನ್ನಿ ಕೊಟ್ಟರೆ ಮುಗಿಯಿತು, ಮತ್ತೆ ಮಾತಾಡಲೇಬೇಕು. ಸಣ್ಣವರು ದೊಡ್ಡವರಿಗೆ ಕೊಟ್ಟು ಕಾಲು ಮುಟ್ಟುವುದು ಪದ್ಧತಿ. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಬೆಳಿಗ್ಗೆಯೇ ಬಾಗೇವಾಡಿಯ ಗೆಳತಿಯ ಮನೆಗೆ ಹೋಗಿ ಮುಸ್ಸಂಜೆಗೆ ವಾಪಸು ಬಂದೆ. ಅವ್ವಾರು ಮನೆಯಲ್ಲಿರಲಿಲ್ಲ, ಓಣಿಗೆ ಬನ್ನಿ ಕೊಡಲು ಹೋಗಿದ್ದರು. ರಾತ್ರಿ ನನ್ನ ಬಾಗಿಲಿಗೆ ಬಂದಾರು ಎಂದು ಕಾದೆ. ಬರಲಿಲ್ಲ.

ಆಮೇಲೆ ಮಾತಿಲ್ಲ. ಒಂದೇ ಅಂಗಳ, ಒಂದೇ ನಳ, ಆದರೂ ಮಾತಿಲ್ಲ. ನಾನಾಗಿಯೇ ಒಮ್ಮೆ "ಅವ್ವಾರ" ಎಂದರೆ ಕೇಳದವರ ಹಾಗೆ ಒಳಗೆ ಹೋದರು. ಕೆಲವು ದಿನ ಬಿಟ್ಟು, ಮುಖ ನೋಡದೆ, "ದೀಪಾವಳಿ ಆದ ಮ್ಯಾಲ ಖೋಲಿ ಬಿಡ್ರಿ ಅಕ್ಕೋರ" ಎಂದರು. ತಂಗಿ ಹೋಗಿ, ಶಾಲೆಯವರು ಕರೆಯುವ ಅಕ್ಕೋರ ಆಗಿತ್ತು. ಒಂದು ಸಲ ಕೂಗಾಡಿದ್ದಕ್ಕೆ ಇಷ್ಟು ಸಿಟ್ಟೇ? ನನಗೆ ತಿಳಿಯಲಿಲ್ಲ. ಕೇಳಲಿಕ್ಕೆ ಬಾಯಿ ಬರಲಿಲ್ಲ. ಖೋಲಿಯಲ್ಲಿ ಒಬ್ಬಳೇ ರೊಟ್ಟಿ ಮುರಿಯುತ್ತಾ ಅವರ ಬಡಿತದ ಸದ್ದು ಕೇಳುತ್ತಾ ಕೂಡುತ್ತಿದ್ದೆ. ಅಳು ಬರುತ್ತಿತ್ತು.

ದೀಪಾವಳಿಗೆ ಇನ್ನೆರಡು ದಿನ ಇರುವಾಗ ಮುದ್ದೇಬಿಹಾಳಕ್ಕೆ ಹೊರಟವಳು ಬಸ್ಸು ಬದಲಿಸಲು ತಾಳಿಕೋಟೆಯಲ್ಲಿ ಇಳಿದೆ. ಬಸ್ಸು ಬರಲಿಲ್ಲ. ಬೆಂಚಿನ ಮೇಲೆ ಕೂತು, ಬೇಸರಕ್ಕೆ, ಮಷೀನು ತೆರೆದೆ. ಮುಚ್ಚಳದ ತಿರುಗಣಿಯ ಹತ್ತಿರ ಒಂದು ಸಣ್ಣ ಗುಂಡಿ ಇತ್ತು. ಮುಚ್ಚಿದಾಗ ಅದು ಒತ್ತಿಕೊಂಡರೇ ಮಷೀನಿಗೆ ಮಲಗಬೇಕೆಂದು ತಿಳಿಯುವುದು. ಬೆರಳಿನಿಂದ ಒತ್ತಿದೆ. ಅದು ಕೆಳಗೆ ಇಳಿಯಲೇ ಇಲ್ಲ. ಇಷ್ಟು ದಿನ ಒಳಗಿನದನ್ನೆಲ್ಲ ಜಾಲಾಡಿದವಳು ಇದನ್ನೊಮ್ಮೆ ಒತ್ತಿ ನೋಡಿರಲಿಲ್ಲ. ಸೀರೆಯ ಪಿನ್ನು ತೆಗೆದು ಗುಂಡಿಯ ಸುತ್ತ ಕೆದಕಿದೆ. ವಿಭೂತಿಯ ಪುಡಿ ಬಂತು. ಅದರ ಹಿಂದೆ ಒಣಗಿದ ಒಂದು ಸಣ್ಣ ಎಲೆ ಬಂತು.

ಪಕ್ಕದಲ್ಲಿ ಬುರ್ಖಾ ಹಾಕಿದ ಹೆಂಗಸೊಬ್ಬರು ಮಗುವನ್ನು ಮಲಗಿಸಿಕೊಂಡು ಕೂತಿದ್ದರು. ಬಗ್ಗಿ ನೋಡಿ, "ಬನ್ನಿ ಎಲಿ ಅಲ್ಲೇನ್ರಿ ಅದು? ಈ ಸಲ ನಮ್ಮ ಮನಿಗೂ ಓಣ್ಯಾನ ಮಂದಿ ಕೊಟ್ಟು ಹೋದ್ರು" ಎಂದರು.

ಆಗ ನೆನಪಾಯಿತು. ದಸರಾ ಸಂಜೆ ನಾನು ಬಾಗೇವಾಡಿಯಿಂದ ಬಂದಾಗ ಕರೆಂಟು ಹೋಗಿತ್ತು. ಕತ್ತಲಲ್ಲೇ ಮಷೀನಿನ ಮುಚ್ಚಳ ಎತ್ತಿದ್ದೆ. ತೆರೆ ಬೆಳಗುವ ಮೊದಲೇ ಕೀಲಿಗಳ ಮೇಲೆ ಏನೋ ಕಸ ಕೈಗೆ ತಗುಲಿತ್ತು. ಖಂಡೇಪೂಜೆಯದ್ದೇ ಇರಬೇಕು ಎಂದು ಬೈದುಕೊಂಡು, ಕೈಯಿಂದ ನೆಲಕ್ಕೆ ಜಾಡಿಸಿ, ಹೊಸ್ತಿಲ ಆಚೆ ಗುಡಿಸಿ ಹಾಕಿದ್ದೆ.

ಮುದ್ದೇಬಿಹಾಳಕ್ಕೆ ಹೋಗಲಿಲ್ಲ. ಎಲೆಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಸಿಂದಗಿಯ ಬಸ್ಸು ಹತ್ತಿದೆ. ಅವ್ವಾರು ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದರು.

"ಅವ್ವಾರ, ದಸರಾದ ದಿನಾ ನನ್ನ ಖೋಲಿಗೆ ಬಂದಿದ್ರೇನ್ರಿ?"

ಮೊರದಿಂದ ಕಣ್ಣೆತ್ತದೆ, "ಬಂದಿದ್ನಿ" ಎಂದರು. "ನಿನಗ ಅದರ ಮ್ಯಾಲ ಭಾಳ ಜೀವ. ಬಂದ ಕೂಡಲೆ ತಗೀತಿ, ಕಾಣತೈತಿ ಅಂತ ಅದರಾಗ ಬನ್ನಿ ಇಟ್ಟು ಮುಚ್ಚಿ ಬಂದ್ನಿ. ಮುಂಜಾನೆ ಅಂಗಳಾ ಹುಡುಗಾಕ ಹೋದ್ರ, ಕಸದಾಗ ಬಿದ್ದಿತ್ತು. ದೊಡ್ಡಾಕಿ ಆಗಿ ನಾನ ಸೋತು ಬಂದಿದ್ನಿ."

"ಕರೆಂಟ್ ಇರಲಿಲ್ರಿ. ಕತ್ತಲಾಗ ಕಸಾ ಅಂದ್ಕೊಂಡ್ನಿ. ನಿಮ್ಮಾಣಿ, ಬನ್ನಿ ಅಂತ ಗೊತ್ತಿರಲಿಲ್ರಿ."

ಕರವಸ್ತ್ರ ಬಿಚ್ಚಿ ತೋರಿಸಿದೆ. ಅವರು ಎಲೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದರು. ನಾನು ಅವರ ಕಾಲು ಮುಟ್ಟಿದೆ. "ಏಳ ತಂಗಿ, ಏಳ" ಎಂದು ತಲೆಯ ಮೇಲೆ ಕೈ ಇಟ್ಟರು. ಜೋಳದ ಧೂಳಿನ ಕೈ. ನಾನು ಬಿಕ್ಕಿ ಬಿಕ್ಕಿ ಅತ್ತೆ.

"ಹಂಗಾರ ನಾ ಇಲ್ಲೇ ಇರ್ಲೇನ್ರಿ?" ಎಂದೆ.

ಅವ್ವಾರು ಮೊರವನ್ನು ಬದಿಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡರು.

"ಹೊರ್ತಿ ಊರಿಂದ ಬರೋ ಗಂಡ ಹೆಂಡತಿಗೆ ಈ ಖೋಲಿ ಕೊಡತೀನಿ ಅಂತ ಮಾತು ಕೊಟ್ಟೇನಿ ತಂಗಿ. ಎಲಿ ಅಡಕಿ ತಗೊಂಡೇನಿ. ಹುಡುಗಿ ಬಸರಿ ಅದಾಳ. ಸಾಮಾನು ಕಟ್ಟಿ ಕುಂತಾರ. ಈಗ ಬ್ಯಾಡ ಅಂದ್ರ ಅಕಿ ಎಲ್ಲಿಗೆ ಹೋಗಬೇಕು?"

ಕೊಟ್ಟ ಮಾತು ತಪ್ಪುವ ಹೆಂಗಸಾಗಿದ್ದರೆ ಅವರನ್ನು ನಾನು ಅಷ್ಟು ಹಚ್ಚಿಕೊಳ್ಳುತ್ತಲೂ ಇರಲಿಲ್ಲ. ದೀಪಾವಳಿಯ ಎರಡು ರಾತ್ರಿ ಅವರ ಅಡುಗೆಮನೆಯಲ್ಲೇ ಉಂಡು ಅವರ ಪಕ್ಕದಲ್ಲೇ ಮಲಗಿದೆ. ಮರುದಿನ ಟ್ರಂಕಿನ ಮೇಲೆ ರೊಟ್ಟಿಯ ಗಂಟು ಇಟ್ಟು ಬಸ್ಸಿನವರೆಗೂ ಬಂದರು. "ಬರ್ತಿರು" ಎಂದರು. ಒಂದೆರಡು ಸಲ ಹೋದೆ. ಹೊರ್ತಿಯ ಹುಡುಗಿಯ ಕೂಸು ಅವರ ಮಡಿಲಲ್ಲಿತ್ತು, ನನಗೆ ಚಹಾ ಮಾಡಿಕೊಟ್ಟವಳು ಆ ಹುಡುಗಿ. ಆಮೇಲೆ ಹೋಗುವುದು ತಾನಾಗಿಯೇ ಕಡಿಮೆಯಾಯಿತು.

ನಾನು ಇಂಡಿಯಲ್ಲಿ ಖೋಲಿ ಹಿಡಿದೆ. ಹೊಸ ಮಾಲಕರು ಬಹಳ ಮರ್ಯಾದಸ್ಥರು. ಎದುರು ಸಿಕ್ಕರೆ "ಆರಾಮ ಅದೀರಿಲ್ರಿ ಮೇಡಂ" ಎನ್ನುತ್ತಿದ್ದರು, ನನ್ನ ಖೋಲಿಯ ಹೊಸ್ತಿಲು ಒಮ್ಮೆಯೂ ತುಳಿಯಲಿಲ್ಲ. ಆ ಊರಿನಲ್ಲಿ ನಾನು ವರ್ಷಗಟ್ಟಲೆ ಇದ್ದೆ. ಕೂಗಾಡಿ ಜಗಳ ತೆಗೆಯುವಷ್ಟು ಹತ್ತಿರದವರು ಅಲ್ಲಿ ನನಗೆ ಒಬ್ಬರೂ ಆಗಲಿಲ್ಲ.