ಹತ್ತನೆಯವನನ್ನು ಕರೆತಂದ ಸಂಜೆ

ಆ ಶುಕ್ರವಾರ ಮಧ್ಯಾಹ್ನ ನಮ್ಮ ಟೆಲಿಕಾಂ ಕಚೇರಿಯ ಯಹೂದಿ ಗೆಳೆಯ ನನ್ನ ಮೇಜಿನ ಬಳಿ ಬಂದ. ಸೂರ್ಯ ಮುಳುಗಿದರೆ ಅವನ ತಾಯಿಯ ವರ್ಷದ ತಿಥಿ. ಸಿನಗಾಗ್‌ನಲ್ಲಿ ಅವರಿಗಾಗಿ ಕಾದಿಶ್ ಎಂಬ ಪ್ರಾರ್ಥನೆ ಹೇಳಬೇಕು; ಅವರ ಪದ್ಧತಿಯಲ್ಲಿ ಅದಕ್ಕೆ ಹತ್ತು ಮಂದಿ ಯಹೂದಿ ಗಂಡಸರು ಸೇರಲೇಬೇಕು. ನೈರೋಬಿಯಲ್ಲಿ ಅವರ ಸಮುದಾಯವೇ ಚಿಕ್ಕದು, ರಜೆಯ ದಿನಗಳು ಬೇರೆ. ಅವನೂ ಸೇರಿ ಸಿಕ್ಕವರು ಒಂಬತ್ತೇ ಜನ.

“ನಿಮ್ಮಣ್ಣ ಲಂಡನ್‌ನಿಂದ ವಿಡಿಯೋದಲ್ಲಿ ಬರಬಹುದಲ್ಲ? ನಮ್ಮಪ್ಪನ ಶ್ರಾದ್ಧಾನ ನಾನು ಇಲ್ಲೇ ಹೈರಿಡ್ಜ್ ಬಡಾವಣೆ ಮನೇಲಿ ಲ್ಯಾಪ್‌ಟಾಪ್ ಇಟ್ಕೊಂಡೇ ಮಾಡ್ದೆ. ಪುರೋಹಿತರು ಮೈಸೂರಿಂದ ಮಂತ್ರ ಹೇಳಿದ್ರು” ಎಂದೆ.

“ಸಿನಗಾಗ್ ನೋಡ್ಕೊಳ್ಳೋರು ನಮ್ಮ ಚಿಕ್ಕಪ್ಪ, ಅವರು ಒಪ್ಪಲ್ಲ. ಪರದೆ ಮೇಲಿರೋನು ಲೆಕ್ಕಕ್ಕಿಲ್ಲ ಅಂತಾರೆ.”

“ಹಾಗಾದ್ರೆ ನಾನು ಬರ್ಲಾ?”

ಅವನು ನಕ್ಕುಬಿಟ್ಟ. “ಬಾ ಮಾರಾಯ. ಆದ್ರೆ ನೀನೂ ಲೆಕ್ಕಕ್ಕಿಲ್ಲ!”

ಕೊನೆಗೆ ನೈರೋಬಿಗೆ ಬಂದುಹೋಗುವ ಯಹೂದಿಗಳ ವಾಟ್ಸಾಪ್ ಗುಂಪೊಂದರಲ್ಲಿ ಸಂದೇಶ ಹಾಕಿದ. ನಾಲ್ಕು ಗಂಟೆಗೆ ಉತ್ತರ ಬಂತು: ಇಸ್ರೇಲಿನ ಕೃಷಿ ತಜ್ಞರೊಬ್ಬರು ನಗರದ ಹೊರವಲಯದ ಲಂಗಾಟಾದಲ್ಲಿ ಇಳಿದುಕೊಂಡಿದ್ದರು, ಬರಲು ಸಿದ್ಧರಿದ್ದರು. ಆದರೆ ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರ ಕತ್ತಲಾಗುವವರೆಗೆ ಅವರ ಸಬ್ಬತ್ ವಿಶ್ರಾಂತಿ; ಆಗ ವಾಹನ ಹತ್ತುವಂತಿಲ್ಲ, ಫೋನು ಮುಟ್ಟುವಂತಿಲ್ಲ. ಗೆಳೆಯ ಸಿನಗಾಗ್‌ಗೆ ಹೊರಟ. ಅವರನ್ನು ಕರೆತರಲು ನಾನು ಟ್ಯಾಕ್ಸಿ ಹಿಡಿದೆ.

ತಜ್ಞರು ರಾತ್ರಿ ಸಿನಗಾಗ್ ಹತ್ತಿರವೇ ಉಳಿಯಲೆಂದು ಚೀಲ ಹಿಡಿದು ಗೇಟಿನಲ್ಲೇ ಕಾಯುತ್ತಿದ್ದರು. ಹೊರಟೆವು. ನಗರ ಹತ್ತಿರವಾದಂತೆ ಜಾಮ್. ಮಟಾಟು ಎಂಬ ಬಾಡಿಗೆ ವ್ಯಾನುಗಳ ನಡುವೆ ನಮ್ಮ ಟ್ಯಾಕ್ಸಿ ಅಲುಗಾಡಲಿಲ್ಲ. ಆರು ದಾಟಿತು. ಸೂರ್ಯ ಮುಳುಗಲು ಅರ್ಧ ಗಂಟೆಯೂ ಇರಲಿಲ್ಲ.

“ಇಳಿಯೋಣ!” ಎಂದರು ತಜ್ಞರು.

ಎರಡು ಬಾಡಿಗೆ ಬೈಕು ಹಿಡಿದೆವು. ಕಾರುಗಳ ಸಂದಿಯಲ್ಲಿ ನುಗ್ಗುವಾಗ ಅವರು ಒಂದು ಕೈಯಲ್ಲಿ ತಲೆಯ ಟೋಪಿ ಒತ್ತಿಹಿಡಿದು ಮಗುವಿನಂತೆ ಕೇಕೆ ಹಾಕುತ್ತಿದ್ದರು. ನಾನೂ ಕೂಗಿದೆ, ಏಕೆಂದು ಗೊತ್ತಿಲ್ಲ. ಸಿನಗಾಗ್ ಗೇಟಿನ ಬಳಿ ಇಳಿದಾಗ ಮರಗಳ ತುದಿಯಲ್ಲಿ ಇನ್ನೂ ಬಿಸಿಲಿತ್ತು.

ಬಾಗಿಲಲ್ಲಿ ನಿಂತಿದ್ದ ಚಿಕ್ಕಪ್ಪ ಎರಡೂ ಕೈ ಚಾಚಿ ತಜ್ಞರನ್ನು ಒಳಗೆಳೆದುಕೊಂಡರು. ನನಗೊಂದು ಟೋಪಿ ಕೊಟ್ಟು ಹಿಂದಿನ ಬೆಂಚು ತೋರಿಸಿದರು. ಪ್ರಾರ್ಥನೆಯ ಕೊನೆಗೆ ಗೆಳೆಯ ಎದ್ದು ನಿಂತ. ಕಚೇರಿಯಲ್ಲಿ ಗಟ್ಟಿಯಾಗಿ ಮಾತಾಡುವವನು ಕಾದಿಶನ್ನು ಮೆಲ್ಲಗೆ, ಒಂದೊಂದೇ ಪದವಾಗಿ ಹೇಳಿದ. ಉಳಿದ ಒಂಬತ್ತು ಮಂದಿ ಒಟ್ಟಿಗೆ “ಆಮೆನ್” ಎಂದಾಗ ಲೆಕ್ಕಕ್ಕಿಲ್ಲದ ನಾನೂ ದನಿಗೂಡಿಸಿದೆ.

ಹೊರಗೆ ಬಂದ ಮೇಲೆ ಚಿಕ್ಕಪ್ಪ ನನ್ನ ಭುಜ ತಟ್ಟಿದರು. “ಆ ವಾಟ್ಸಾಪ್ ಗುಂಪಿಗೆ ನನ್ನನ್ನೂ ಸೇರಿಸಕ್ಕೆ ಹೇಳು ಅವನಿಗೆ,” ಎಂದವರು ಕೂಡಲೇ ಬೆರಳೆತ್ತಿದರು, “ಇವತ್ತಲ್ಲ. ಭಾನುವಾರ!”