ಜೇನಿನ ಡಬ್ಬಿ ಮತ್ತು ನೀತಿಪಾಠದ ಅಕ್ಕೋರು

ಕಳೆದ ವಾರ ಅಥಣಿಯಿಂದ ನನ್ನ ಡಬ್ಬಿ ವಾಪಸ್ ಬಂತು. ಮುಚ್ಚಳ ತೆಗೆದೆ. ಜೇನಿನ ವಾಸನೆಯೊಂದನ್ನು ಬಿಟ್ಟರೆ ಒಳಗೇನೂ ಇರಲಿಲ್ಲ. ಅಕ್ಕೋರ ಮನೆಯಿಂದ ಡಬ್ಬಿ ಖಾಲಿ ಬಂದದ್ದು ಇಷ್ಟು ವರ್ಷಗಳಲ್ಲಿ ಇದೇ ಮೊದಲು. ಅವರು ತೀರಿಕೊಂಡ ಸುದ್ದಿ ಮೊದಲೇ ಬಂದಿತ್ತು, ಮಣ್ಣಿಗೂ ಹೋಗಿ ಬಂದಿದ್ದೆ. ಆದರೂ ಅವರಿನ್ನಿಲ್ಲ ಅನ್ನುವುದು ನನ್ನ ತಲೆಗೆ ಇಳಿದದ್ದು ಆ ಡಬ್ಬಿಯನ್ನು ಮೂಗಿಗೆ ಹಿಡಿದಾಗಲೇ...

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುತ್ತೇವೆ. ಎಂಬತ್ತರ ದಶಕದ ಕೊನೆಯ ಮಾತು. ಐನಾಪುರದ ಸಮೀಪದ ಊರೊಂದರ ಹೈಸ್ಕೂಲಿನಲ್ಲಿ ನಾನು ಎಂಟನೆಯ ಇಯತ್ತೆ ಓದುತ್ತಿದ್ದೆ. ಅಕ್ಕೋರು ದಿನಾಲು ಅಥಣಿ ಬಸ್ಸಿಗೆ ಬಂದು ಹೋಗುತ್ತಿದ್ದರು. ಕನ್ನಡ ಕಲಿಸುತ್ತಿದ್ದರು. ಅದರ ಜೊತೆಗೆ ಯಾರಿಗೂ ಬೇಡವಾಗಿದ್ದ ಧರ್ಮ ನೀತಿಯ ಪಿರಿಯಡ್ಡೂ ಅವರ ತಲೆಗೇ ಬಿದ್ದಿತ್ತು. ಅದು ಶನಿವಾರದ ಕೊನೆಯ ತಾಸು. ಅವರು ಬರುವ ಮೊದಲು ಆ ಹೊತ್ತಿನಲ್ಲಿ ನಾವು ಉಳಿದ ಗಣಿತ ಮುಗಿಸುತ್ತಿದ್ದೆವು, ಇಲ್ಲವೇ ಮೈದಾನದ ಕಸ ಕೀಳುತ್ತಿದ್ದೆವು. ನೀತಿ ಅಂದರೆ ಕಸ ಕೀಳುವುದು ಅಂತಲೇ ನಾನು ತಿಳಿದಿದ್ದೆ!

ಅಕ್ಕೋರು ಮಾತ್ರ ಆ ತಾಸನ್ನು ಖರೇ ಅಂತ ಹಿಡಿದುಬಿಟ್ಟರು. ಅವರದೊಂದು ವಿಚಿತ್ರ ಕಾಯಿದೆ ಇತ್ತು. ಯಾರೂ ತಮ್ಮ ಮನೆಯ ದೇವರ ಬಗ್ಗೆ ಮಾತಾಡುವಂತಿಲ್ಲ. ಬೆಂಚಿನಲ್ಲಿ ಪಕ್ಕಕ್ಕೆ ಕೂತವರ ಮನೆಯಲ್ಲಿ ಏನು ಉಣ್ಣುತ್ತಾರೆ, ಏನು ಉಣ್ಣುವುದಿಲ್ಲ, ಯಾಕೆ, ಇದನ್ನು ಎದ್ದು ನಿಂತು ಹೇಳಬೇಕು. ತಪ್ಪಿದರೆ ಪಕ್ಕದವರೇ ತಿದ್ದಬೇಕು. ಗೊತ್ತಿಲ್ಲದಿದ್ದರೆ ಅವರ ಮನೆಗೆ ಹೋಗಿ ಹಿರಿಯರನ್ನು ಕೇಳಿ ಬರಬೇಕು. ನಾವು ಹೇಳುವಾಗ ಅವರು ಕುರ್ಚಿ ಬಿಟ್ಟು ಹಿಂದಿನ ಬೆಂಚಿನಲ್ಲಿ ನಮ್ಮ ನಡುವೆ ಬಂದು ಕೂಡುತ್ತಿದ್ದರು. ಖಡುವಿನ, ಅಂದರೆ ಸೀಮೆಸುಣ್ಣದ, ಧೂಳಿಗೆ ಅವರಿಗೆ ಸದಾ ಕೆಮ್ಮು. ಸೆರಗು ಬಾಯಿಗಿಟ್ಟುಕೊಂಡು ಕೆಮ್ಮುತ್ತಲೇ ಕೇಳಿಸಿಕೊಳ್ಳುತ್ತಿದ್ದರು.

ಇದು ಶಾಲೆಯ ಕಮಿಟಿಯ ಚೇರ್ಮನ್ನರಿಗೆ ಸರಿಬರಲಿಲ್ಲ. ಅವರು ಊರಿನ ದೊಡ್ಡ ಜೈನ ಮನೆತನದವರು, ಉಗಾರದ ಫ್ಯಾಕ್ಟರಿಗೆ ಕಬ್ಬು ಕಳಿಸುವವರು. ಮಾತು ಕಡಿಮೆ, ದನಿ ದೊಡ್ಡದು. ಒಂದು ದಿನ ವರಾಂಡದಲ್ಲಿ ನಿಂತು, ನಮಗೆಲ್ಲ ಕೇಳುವ ಹಾಗೆ, "ನೀತಿ ಅಂದ್ರ ನಾಕು ಶ್ಲೋಕ ಕಲಸ್ರಿ ಬಾಯಾರ. ಮಕ್ಕಳನ್ನ ಮನಿಮನಿ ತಿರಗಸಬ್ಯಾಡ್ರಿ. ಏನಾರ ಹೆಚ್ಚು ಕಡಿಮಿ ಆದ್ರ ಜವಾಬ್ದಾರಿ ನಿಮ್ಮದು" ಅಂದರು. ಅಕ್ಕೋರ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆ ಬೇಸಿಗೆಯ ಕಮಿಟಿಯಲ್ಲೇ ಅದು ತೀರ್ಮಾನವಾಗಬೇಕಿತ್ತು. ಗಂಡ ಹಾಸಿಗೆ ಹಿಡಿದಿದ್ದ ಅವರ ಮನೆ ಆ ಕೆಲಸದ ಮೇಲೆಯೇ ನಿಂತಿತ್ತು. ಇದೆಲ್ಲ ಮಕ್ಕಳಿಗೂ ಗೊತ್ತಿತ್ತು. ಸಣ್ಣ ಊರಿನಲ್ಲಿ ಏನು ಮುಚ್ಚಿಡಲು ಆಗುತ್ತದೆ?

ನನ್ನ ಬೆಂಚಿನ ಗೆಳತಿ ಯಾರು ಅಂದಿರಿ? ಅದೇ ಚೇರ್ಮನ್ನರ ಮಗಳು. ನಾನೋ ಕುರಿ ಕಾಯುವವರ ಮನೆಯ ಹುಡುಗಿ. ನನ್ನ ಸರತಿ ಬಂದಾಗ ಅವ್ವ ನನಗಿಂತ ಹೆಚ್ಚು ಗಾಬರಿಯಾದಳು. "ಅಷ್ಟ ದೊಡ್ಡವರ ಮನಿಗೆ ಬರಿಗೈಲೆ ಹೋಗಬಾರ್ದವಾ" ಅಂದಳು. ನಮ್ಮ ಮನೆಯಲ್ಲಿ ದೊಡ್ಡವರಿಗೆ ಕೊಡುವಂಥದು ಏನಿರಬೇಕು? ಅಪ್ಪ ಕುರಿ ಮೇಯಿಸುವಾಗ ಬೇಲಿಯಲ್ಲಿ ಕಿತ್ತು ತಂದ ಜೇನಿತ್ತು. ಅವ್ವ ಅದನ್ನು ಅರಿವೆಯಲ್ಲಿ ಹಿಂಡಿ, ತೊಳೆದು ಬೆಳಗಿದ ಡಬ್ಬಿಗೆ ತುಂಬಿ ಕೊಟ್ಟಳು. ನಮ್ಮಲ್ಲಿ ಅದಕ್ಕಿಂತ ಮೇಲಾದ ಪದಾರ್ಥವೇ ಇರಲಿಲ್ಲ. ಆ ಶನಿವಾರ ಸಂಜೆ ಎಂಥ ಠೀವಿಯಿಂದ ಹೋದೆ ಅಂತೀರಿ!

ಗೆಳತಿ ಬಾಗಿಲಲ್ಲೇ ಸಿಕ್ಕಳು. ಡಬ್ಬಿಯಲ್ಲಿ ಏನಿದೆ ಅಂತ ಕೇಳಿದಳು. ಹೇಳಿದೆ. ಅವಳು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಜೇನಾ? ಅಯ್ಯ, ನಮ್ಮಲ್ಲಿ ಜೇನು ಅಂದ್ರ ಮಟನ್ ತಂದಂಗ ಬೇ!"

ಅಷ್ಟರಲ್ಲಿ ಒಳಗಿನಿಂದ ಚೇರ್ಮನ್ನರು ಕೆಮ್ಮಿದ ಸದ್ದು ಕೇಳಿತು. ನಾನು ಡಬ್ಬಿಯನ್ನು ಕಟ್ಟೆಯ ಮೇಲೆ ಕುಕ್ಕಿ, ಕೇಳಲು ಬಂದದ್ದನ್ನು ಕೇಳದೆ, ಓಡಿಬಂದೆ. ಓಡಿಬಂದ ಮೇಲೆ ಹೊಳೆಯಿತು, ಆ ಡಬ್ಬಿ ಈಗ ಅವರ ಮನೆಯ ಬಾಗಿಲಲ್ಲೇ ಕೂತಿದೆ! ಹೆಚ್ಚು ಕಡಿಮೆ ಆದರೆ ಅಂದಿದ್ದರಲ್ಲ, ಇದಕ್ಕಿಂತ ಹೆಚ್ಚು ಏನಾಗಬೇಕಿತ್ತು? ಅಕ್ಕೋರ ಅನ್ನಕ್ಕೆ ನಾನೇ ಕಲ್ಲು ಹಾಕಿದೆ ಅಂತ ರವಿವಾರವೆಲ್ಲ ಅವ್ವನಿಗೂ ಹೇಳದೆ ಕುರಿಗಳ ಹಿಂದೆ ಅಲೆದೆ.

ಸೋಮವಾರ ಬಸ್ ಸ್ಟ್ಯಾಂಡಿನಲ್ಲೇ ಅಕ್ಕೋರಿಗಾಗಿ ಕಾದು ನಿಂತು, ಅಳುತ್ತ ಎಲ್ಲ ಹೇಳಿದೆ. ಮೊದಲು ಅವರಿಗೆ ನಗು ಬಂತು. ಆಮೇಲೆ ಮುಖ ಸಣ್ಣದಾಯಿತು. "ನೀ ಅಳಬ್ಯಾಡ. ಏನಾರ ಒಯ್ಯೂ ಮುಂಚೆ ಅವರನ್ನ ಕೇಳ್ರಿ ಅಂತ ನಾ ಹೇಳಬೇಕಿತ್ತು. ಮರತೆ. ಇದು ನನ್ನ ತಪ್ಪು" ಅಂದರು. ಆಮೇಲೆ ಶಾಲೆಯವರೆಗೂ ನನ್ನ ಕೈ ಹಿಡಿದುಕೊಂಡೇ ನಡೆದರು.

ಎರಡನೆಯ ತಾಸಿಗೆ ಚೇರ್ಮನ್ನರು ಬಂದರು. ಬಿಳಿ ಧೋತರ, ಬಿಳಿ ಟೊಪ್ಪಿಗೆ. ಕೈಯನ್ನು ಮೈಯಿಂದ ಆದಷ್ಟು ದೂರ ಚಾಚಿ, ಒಂದು ಅರಿವೆಯ ಗಂಟನ್ನು ತುದಿಬೆರಳಲ್ಲಿ ಹಿಡಿದುಕೊಂಡಿದ್ದರು. ಗಂಟಿನಲ್ಲಿ ನಮ್ಮ ಡಬ್ಬಿ. ಊರ ನಡುವಿನಿಂದ ಹಾಗೆಯೇ ನಡೆದು ಬಂದಿದ್ದರು! ಹಿಂದೆ ಹೆಡ್ ಮಾಸ್ತರರು, ಇದ್ದಬದ್ದ ಮಾಸ್ತರರೆಲ್ಲ. ವರ್ಗವೆಲ್ಲ ಎದ್ದು ನಿಂತಿತು.

ಅಕ್ಕೋರೇ ಮುಂದೆ ಬಂದರು. "ಹುಡುಗೀದೇನೂ ತಪ್ಪಿಲ್ರಿ ಸಾಹೇಬ್ರ. ಕಳಿಸಿದಾಕಿ ನಾನು. ಏನನ್ನೂದಿದ್ರೂ ನನಗ ಅನ್ರಿ."

"ಅನ್ನೂದು ಆಮ್ಯಾಲ. ಮೊದಲ ಇದನ್ನ ಹಿಡೀರಿ, ತೋಳು ನೋಯಾಕತ್ತಾವು" ಅಂದರು ಚೇರ್ಮನ್ನರು.

ಅಕ್ಕೋರು ಗಂಟು ತೆಗೆದುಕೊಂಡರು. ಚೇರ್ಮನ್ನರು ಕೈಯನ್ನು ಧೋತರಕ್ಕೆ ಒರೆಸಿಕೊಂಡು, ಯಾರ ಮುಖವನ್ನೂ ನೋಡದೆ ಹೇಳಿದರು: "ನಮ್ಮ ಅವ್ವ ನಿನ್ನಿಯಿಂದ ನನ್ನ ಬೆನ್ನ ಹತ್ಯಾಳ್ರಿ. ಮನಿಗೆ ಬಂದ ಡಬ್ಬಿ ಬರೇ ಕಳಸಬಾರದಂತ. ನಾವು ಆ ಜೇನು ತಗದಿಡಾಂಗಿಲ್ಲ. ತಗೀದ ಅದರಾಗ ಬ್ಯಾರೆ ಏನ್ ತುಂಬೂದ್ರಿ? ಅದಕ್ಕ ಡಬ್ಬಿ ಜೋಡಿ ಅರಿವ್ಯಾಗ ಬೆಲ್ಲ ಕಟ್ಯಾಳ. ಆಳಿನ ಕೈಯಾಗ ಕೊಡಬ್ಯಾಡ, ನೀನ ಹೋಗು ಅಂದ್ಲು."

ಬಾಗಿಲವರೆಗೆ ಹೋದವರು ಮತ್ತೆ ತಿರುಗಿ ನಿಂತರು. "ಆ ಹುಡುಗಿ ಏನೋ ಕೇಳಾಕ ಬಂದಿದ್ಲಂತ. ಅವ್ವ ಹೇಳಾಕ ಕಾಯಾಕತ್ತಾಳ. ಇವತ್ತ ಕಳಸ್ರಿ. ಹೊತ್ತು ಮುಳುಗೂದ್ರಾಗ ಬರ್ಲಿ, ಆಮ್ಯಾಲ ನಮ್ಮಲ್ಲಿ ಊಟ ಇರೂದಿಲ್ಲ."

ಅವರು ಹೋದ ಮೇಲೆ ಅಕ್ಕೋರು ನನ್ನ ಬೆಂಚಿನ ತುದಿಗೆ ಕುಸಿದು ಕೂತರು. ಗಂಟು ತೊಡೆಯ ಮೇಲಿತ್ತು. ನಗುತ್ತಿದ್ದರು, ಕಣ್ಣಲ್ಲಿ ನೀರು ಸುರಿಯುತ್ತಿತ್ತು, ನಡುವೆ ಕೆಮ್ಮು ಬೇರೆ. ನನಗಂತೂ ಎದೆಯ ಮೇಲಿನ ಬಂಡೆ ಯಾರೋ ಎತ್ತಿ ಪಕ್ಕಕ್ಕಿಟ್ಟಂತಾಯಿತು. ಆ ಹೊತ್ತಿನ ನಿರಾಳ ನನಗೆ ಮುಂದೆ ಹತ್ತನೆಯ ಇಯತ್ತೆ ಪಾಸಾದಾಗಲೂ ಆಗಲಿಲ್ಲ, ಮದುವೆ ಗೊತ್ತಾದಾಗಲೂ ಆಗಲಿಲ್ಲ.

ಸಂಜೆ ಹೋದೆ, ಈ ಸಲ ಬರಿಗೈಯಲ್ಲಿ. ಚೇರ್ಮನ್ನರ ತಾಯಿ ಪಕ್ಕಕ್ಕೆ ಕೂಡಿಸಿಕೊಂಡು ಉಣ್ಣಿಸಿದರು. ಜೇನು ಯಾಕಿಲ್ಲ ಅಂತ ಕೇಳಿದೆ. "ಅದು ಅವುಗಳ ಮನಿ ಅಲ್ಲೇನವಾ? ಮರಿ ಇರ್ತಾವ ಅದ್ರಾಗ" ಅಂದರು. ಅಪ್ಪ ಹುಟ್ಟನ್ನು ಪೂರ್ತಿ ಕೀಳುವುದಿಲ್ಲ, ಮರಿ ಇರುವ ಭಾಗವನ್ನು ಬೇಲಿಯಲ್ಲೇ ಬಿಟ್ಟು ಬರುತ್ತಾನೆ ಅಂದೆ. ಮುದುಕಿ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ, "ಅಷ್ಟರ ಬಿಡ್ತಾನಲ್ಲ" ಅಂದರು. ಶನಿವಾರ ಎದ್ದು ನಿಂತು ಎರಡನ್ನೂ ಹೇಳಿದೆ. ಗೆಳತಿಗೆ ತಿದ್ದಲು ಏನೂ ಸಿಗಲಿಲ್ಲ.

ಆ ಬೇಸಿಗೆಯಲ್ಲಿ ಅಕ್ಕೋರ ಕೆಲಸ ಕಾಯಂ ಆಯಿತು. ನೀತಿಯ ತಾಸೂ ಉಳಿಯಿತು. ಕೊಟ್ಟದ್ದನ್ನು ತಿರುಗಿ ಒಲ್ಲೆ ಅಂತ ಅವ್ವ ಅಂದದ್ದಕ್ಕೆ, ಯಾರೂ ಇಟ್ಟುಕೊಳ್ಳದ ಆ ಜೇನನ್ನು ಅಕ್ಕೋರೇ ಕೆಮ್ಮಿಗೆ ಅಂತ ಒಯ್ದರು. ಡಬ್ಬಿಯನ್ನು ಅವಲಕ್ಕಿ ತುಂಬಿ ಕಳಿಸಿದರು. ಅಲ್ಲಿಂದ ಶುರುವಾದದ್ದು... ನಾನು ಮದುವೆಯಾಗಿ ಚಿಕ್ಕೋಡಿಗೆ ಬಂದ ಮೇಲೂ ವರ್ಷಕ್ಕೊಂದು ಸಲ ಜೇನು ಹೋಗುತ್ತಿತ್ತು, ಶೇಂಗಾ ಉಂಡೆಯೋ ಕರದಂಟೋ ಬರುತ್ತಿತ್ತು. ಅಪ್ಪನ ನಂತರ ತಮ್ಮ ಜೇನು ಕೀಳತೊಡಗಿದ. ಡಬ್ಬಿ ಸವೆದು ಎರಡು ಸಲ ಬದಲಾಯಿತು.

ಮೊನ್ನೆ ಅಕ್ಕೋರ ಸೊಸೆಯ ಫೋನು ಬಂತು. "ಡಬ್ಬಿ ಮುಟ್ಟಿತೇನ್ರೀ ಅಕ್ಕಾ? ಬರೇ ಕಳಸಬಾರದಂತ ಅತ್ತಿ ಯಾವಾಗ್ಲೂ ಹೇಳ್ತಿದ್ರು. ಆದ್ರ ಸಾವಿನ ಮನಿಯಿಂದ ಏನೂ ಕೊಡಬಾರದಂತ ಹಿರೇರು ಅಂದ್ರುರೀ."

"ಇರ್ಲಿ ಬಿಡವಾ. ಜೇನು ಪೂರಾ ತಿಂದ್ರೇನು ಅಕ್ಕೋರು?"

"ತಿಂದ್ರು. ಕಡೀಕ ಬ್ಯಾರೆ ಏನೂ ಒಲ್ಲೆ ಅಂತಿದ್ರು, ಅದೊಂದ ಬೇಡ್ತಿದ್ರು. ಡಬ್ಬಿ ಬಳದು ಬಳದು ಬೆರಳಿಲೆ ನಾನ ನೆಕ್ಕಸೇನಿ."

ಫೋನಿಟ್ಟು ಬಹಳ ಹೊತ್ತು ಅತ್ತೆ. ಆದರೆ ಅಳುವಿನ ಜೊತೆಗೇ ಮನಸ್ಸು ಹಗುರವಾಯಿತು. ಆ ಸೋಮವಾರ ಅಕ್ಕೋರು ನನ್ನ ಬೆಂಚಿನ ತುದಿಗೆ ಕೂತಾಗ ಹಗುರಾದ ಹಾಗೆಯೇ. ಆಮೇಲೆ ಎದ್ದು, ಡಬ್ಬಿಗೆ ಒಂದು ತುಂಡು ಬೆಲ್ಲ ಹಾಕಿ ಮುಚ್ಚಿಟ್ಟೆ. ಅಕ್ಕೋರ ಮನೆಯಿಂದ ಡಬ್ಬಿ ಖಾಲಿ ಬಂತು ಅಂತ ಆಗಬಾರದು.